ಸರ್ಜ್ ಪ್ರೊಟೆಕ್ಟರ್ ತಾನೇ ಹೊತ್ತಿಕೊಳ್ಳದಂತೆ ಜೋಡಿಸುವುದು ಹೇಗೆ?

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಸೀಮೆಯ ಬಿಸಿಲು ಸಂಜೆಗೆ ಗುಡುಗು ಮಳೆಯಾಗಿ ತಿರುಗಿದಾಗ, ಸಿಡಿಲು ಲೈನಿಗೇ ಬಡಿಯಬೇಕೆಂದಿಲ್ಲ, ಹತ್ತಿರದಲ್ಲೆಲ್ಲೋ ಬಿದ್ದರೂ ತಂತಿಗಳಲ್ಲಿ ಸಾವಿರಾರು ವೋಲ್ಟ್‌ಗಳ ಸರ್ಜ್, ಅಂದರೆ ಕ್ಷಣಮಾತ್ರದ ವೋಲ್ಟೇಜ್ ಹೊಡೆತ, ಏಳುತ್ತದೆ. ಅದನ್ನು ತಡೆಯಲು ಡಿಬಿ ಬಾಕ್ಸಿನಲ್ಲಿ (ಮನೆಯೊಳಗೆ ಕರೆಂಟ್ ಹಂಚುವ ಪೆಟ್ಟಿಗೆಯಲ್ಲಿ) ಕೂರಿಸುವ ಪ್ರೊಟೆಕ್ಟರ್‌ನೊಳಗೆ ಸತುವಿನ ಆಕ್ಸೈಡ್‌ನ ಬಿಲ್ಲೆಯೊಂದಿರುತ್ತದೆ, ವೋಲ್ಟೇಜ್ ಮಿತಿ ಮೀರಿದಾಗ ಮಾತ್ರ ಕರೆಂಟನ್ನು ಅರ್ತ್‌ಗೆ ಹರಿಯಬಿಡುವ ಇದೇ ವೇರಿಸ್ಟರ್. ಪ್ರತಿ ದೊಡ್ಡ ಹೊಡೆತಕ್ಕೂ ಅದು ತುಸು ಸವೆಯುತ್ತದೆ, ಸವೆದಂತೆ ಕರೆಂಟ್ ಸೋರುತ್ತದೆ, ಸೋರಿದಂತೆ ಬಿಸಿಯಾಗಿ ಇನ್ನಷ್ಟು ಸೋರುತ್ತದೆ. ಆದ್ದರಿಂದ ಈ ಸಾಧನ ಹೇಗೆ ಕೆಡಬೇಕು ಎಂಬುದನ್ನು ವಿನ್ಯಾಸದಲ್ಲೇ ತೀರ್ಮಾನಿಸಿಕೊಳ್ಳಬೇಕು.

ಮೊದಲು ವೋಲ್ಟೇಜ್ ಆಯ್ಕೆ. ನಮ್ಮ ಪೂರೈಕೆ 230 ವೋಲ್ಟ್ ಎಂದು, ನಿರಂತರವಾಗಿ ತಾಳುವ ಮಿತಿ 275 ವೋಲ್ಟ್‌ನ ಬಿಲ್ಲೆ ಹಾಕುವುದು ರೂಢಿ. ಟಿಸಿಯ (ಟ್ರಾನ್ಸ್‌ಫಾರ್ಮರ್‌ನ) ಹತ್ತಿರದ ಮನೆಗಳಲ್ಲಿ ರಾತ್ರಿ ವೋಲ್ಟೇಜ್ ಏರುವುದನ್ನು ನೆನೆದರೆ 320 ವೋಲ್ಟ್‌ನದೇ ಲೇಸು. ಸರ್ಜನ್ನು ತಡೆಯುವ ಮಟ್ಟ ಕೊಂಚ ಮೇಲೇರುತ್ತದೆ, ಆ ನಷ್ಟವನ್ನು ಒಪ್ಪಿಕೊಳ್ಳಬಹುದು. ಆದರೆ ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಡಿದು 400 ವೋಲ್ಟ್‌ನ ಸನಿಹಕ್ಕೆ ಹೋದರೆ ಇದೂ ತಾಳುವುದಿಲ್ಲ.

ಅಂಥ ಹೊತ್ತಿಗೆ ಬೇಕಾದದ್ದು ಥರ್ಮಲ್ ಡಿಸ್‌ಕನೆಕ್ಟರ್. ಬಿಲ್ಲೆಗೆ ತಾಗಿದಂತೆ ಕಡಿಮೆ ಶಾಖಕ್ಕೇ ಕರಗುವ ಬೆಸುಗೆಯೊಂದಿದ್ದು, ಅದು ಕರಗಿದೊಡನೆ ಸ್ಪ್ರಿಂಗ್ ಸಂಪರ್ಕವನ್ನು ಎಳೆದು ಬಿಡಿಸುತ್ತದೆ. ಹೆಚ್ಚು ಕರೆಂಟ್ ಹರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಅಂದರೆ ಎಂಸಿಬಿ ಇದೆಯಲ್ಲ ಎನ್ನುವವರಿದ್ದಾರೆ. 32 ಆಂಪಿಯರ್‌ನ ಎಂಸಿಬಿಯ ಹಿಂದೆ ಬಿಲ್ಲೆ ಎರಡು ಮೂರು ಆಂಪಿಯರ್ ಸೋರುತ್ತಾ ನೂರಾರು ವಾಟ್ ಶಾಖದಲ್ಲಿ ಬೇಯುತ್ತಿದ್ದರೂ ಎಂಸಿಬಿ ಟ್ರಿಪ್ ಆಗುವುದಿಲ್ಲ. ಬಿಲ್ಲೆ ಪೂರ್ತಿ ಶಾರ್ಟ್ ಆದಾಗ ಮಾತ್ರ ತಯಾರಕರು ಹೇಳಿದ ಅಳತೆಯ ಫ್ಯೂಸ್ ಕೆಲಸಕ್ಕೆ ಬರುತ್ತದೆ. ಎರಡೂ ಇರಬೇಕು, ಹೊರಕವಚವೂ ಬೆಂಕಿ ಹಿಡಿಯದ ಪ್ಲಾಸ್ಟಿಕ್‌ನದಾಗಿರಬೇಕು.

ವೈರಿಂಗ್‌ನಲ್ಲಿ ಉದ್ದವೇ ಶತ್ರು. ಒಂದು ಮೀಟರ್ ತಂತಿಯ ಇಂಡಕ್ಟೆನ್ಸ್ (ಕರೆಂಟಿನ ದಿಢೀರ್ ಏರಿಕೆಗೆ ತಂತಿ ಒಡ್ಡುವ ತಡೆ) ಸುಮಾರು ಒಂದು ಮೈಕ್ರೋಹೆನ್ರಿ. ಕರೆಂಟ್ ಮೈಕ್ರೋಸೆಕೆಂಡಿಗೆ ಸಾವಿರ ಆಂಪಿಯರ್‌ನಂತೆ ಏರಿದರೆ ಆ ಒಂದು ಮೀಟರೇ ಸಾವಿರ ವೋಲ್ಟ್ ಸೇರಿಸುತ್ತದೆ. ಫೇಸ್‌ನಿಂದ ಪ್ರೊಟೆಕ್ಟರ್‌ಗೆ, ಅಲ್ಲಿಂದ ಅರ್ತ್ ಬಾರ್‌ಗೆ ಹೋಗುವ ತಂತಿಗಳೆರಡೂ ಸೇರಿ 50 ಸೆಂಟಿಮೀಟರ್ ಮೀರಬಾರದು. ಮನೆಯ ಡಿಬಿಯಲ್ಲಿ ಸಾಮಾನ್ಯವಾಗಿ ಕೂರಿಸುವ ಟೈಪ್ 2 ಸಾಧನಕ್ಕೆ ಅರ್ತ್ ತಂತಿ ಕನಿಷ್ಠ 6 ಚದರ ಮಿಲಿಮೀಟರ್‌ನ ತಾಮ್ರದ್ದಾಗಿರಬೇಕು. ಅಂದವಾಗಿ ಕಾಣಲೆಂದು ತಂತಿಯನ್ನು ಸುರುಳಿ ಸುತ್ತಿಡುವ ಚಾಳಿಯನ್ನು ಬಿಡುವುದು ಒಳ್ಳೆಯದು. ಮೇನ್ ಆಫ್ ಮಾಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಬೇಕಾದ ಕೆಲಸವಿದು.

ಅರ್ತಿಂಗ್ ವಿಷಯದಲ್ಲಿ ನಮ್ಮ ಎರೆ ಭೂಮಿ ವಿಚಿತ್ರ. ಹಸಿಯಿದ್ದಾಗ ಕರೆಂಟನ್ನು ಚೆನ್ನಾಗಿ ಒಯ್ಯುವ ಈ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿದು ಎಲೆಕ್ಟ್ರೋಡಿನಿಂದಲೇ ದೂರ ಸರಿಯುತ್ತದೆ, ಅದೂ ಮೊದಲ ಗುಡುಗಿನ ಮಳೆಯ ಮುಂಚೆಯೇ. ಮಾರ್ಚ್ ಮುಗಿಯುವುದರೊಳಗೆ ಗುಂಡಿಗೆ ನೀರುಣಿಸಿ, ಅರ್ತ್ ರೆಸಿಸ್ಟೆನ್ಸ್ ಅಳೆಸಬೇಕು. ಪ್ರೊಟೆಕ್ಟರ್‌ಗೆಂದು ಬೇರೆ ಗುಂಡಿ ತೋಡಿದರೆ ಅದನ್ನು ಮನೆಯ ಅರ್ತ್‌ಗೆ ಜೋಡಿಸಲೇಬೇಕು. ಇಲ್ಲವಾದರೆ ಎರಡು ಅರ್ತ್‌ಗಳ ನಡುವಿನ ವೋಲ್ಟೇಜ್ ಉಪಕರಣದ ಮೇಲೇ ಬೀಳುತ್ತದೆ.

ಡಿಸ್‌ಕನೆಕ್ಟರ್ ಬಿಟ್ಟುಕೊಂಡ ಮೇಲೂ ಸಾಮಾನ್ಯವಾಗಿ ಮನೆಯಲ್ಲಿ ದೀಪ ಉರಿಯುತ್ತಲೇ ಇರುತ್ತದೆ, ರಕ್ಷಣೆ ಮಾತ್ರ ಇರುವುದಿಲ್ಲ. ಸಾಧನದ ಪುಟ್ಟ ಕಿಟಕಿ ಹಸಿರಿನಿಂದ ಕೆಂಪಾದದ್ದು ಹೋಗುತ್ತಾ ಬರುತ್ತಾ ಕಾಣುವಂತೆ ಡಿಬಿಯನ್ನು ಕಣ್ಣಿನ ಎತ್ತರಕ್ಕೆ ಕೂರಿಸಿ, ಕೆಂಪಾದ ಕೂಡಲೇ ಬಿಲ್ಲೆಯಿರುವ ಕಾರ್ಟ್ರಿಡ್ಜ್ ಬದಲಿಸಬೇಕು.