ಎರಡು ಚುಕ್ಕಿಯ ಕಾಟ

ಉಡುಪಿಯಲ್ಲಿ ಬಿಡದ ಮಳೆ, ನನ್ನ ಸಿ ಪ್ರೋಗ್ರಾಮಿನಲ್ಲಿ ಬಿಡದ ಬಗ್. ಫೈಲ್ ಪಾತ್‌ನಿಂದ (ಫೈಲಿನ ವಿಳಾಸ) ಎರಡು ಚುಕ್ಕಿ ('..', ಅಂದರೆ ಒಂದು ಫೋಲ್ಡರ್ ಮೇಲಕ್ಕೆ), ಜೋಡಿ ಸ್ಲ್ಯಾಶ್ ತೆಗೆದು ಚೊಕ್ಕ ಮಾಡುವ ಫಂಕ್ಷನ್ ಅದು. ಮೊದಲು ಇದೇ ಕೆಲಸದ ಸಿದ್ಧ ಫಂಕ್ಷನ್ 'ರಿಯಲ್‌ಪಾತ್' ಹಾಕಿದ್ದೆ. ಲಿನಕ್ಸ್‌ನಲ್ಲಿ ಇನ್ನೂ ಹುಟ್ಟದ ಫೈಲಿಗೆ ಅದು ಸುಮ್ನೆ ನಲ್ (ಏನೂ ಇಲ್ಲ ಎಂಬ ಉತ್ತರ) ಕೊಡುತ್ತದೆ. ಹಾಗಾಗಿ ನಾನೇ ಬರೆದೆ: ಸ್ಲ್ಯಾಶ್ ಸಿಕ್ಕಲ್ಲಿ ತುಂಡು ಮಾಡು, ಒಂದು ಚುಕ್ಕಿ ಬಂದರೆ ಬಿಡು, ಎರಡು ಬಂದರೆ ಹಿಂದಿನ ತುಂಡು ಕಿತ್ತು ಹಾಕು.

'/ಮನೆ/../../ಮೀನು' ಕೊಟ್ಟೆ, ಕ್ರ್ಯಾಶ್! ರೂಟ್‌ಗಿಂತ (ಎಲ್ಲಕ್ಕೂ ಮೇಲಿನ ಫೋಲ್ಡರ್) ಮೇಲೆ ಜಾಗವೇ ಇಲ್ಲ ಅಲ್ವಾ, ನನ್ನ ತುಂಡುಗಳ ಎಣಿಕೆ ಸೊನ್ನೆಯಿಂದ ಕೆಳಗಿಳಿದಿತ್ತು. ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಹಾಕಿ ಕಂಪೈಲ್ ಮಾಡಿದಾಗ ಸಾಲಿನ ನಂಬರೇ ಸಿಕ್ಕಿತು. ಒಂದು 'ಇಫ್' ಸಾಕಾಯಿತು. ಈಗ 14 ಅಸರ್ಟ್ (ಉತ್ತರ ತಪ್ಪಿದರೆ ಪ್ರೋಗ್ರಾಮ್ ನಿಲ್ಲಿಸುವ ಪರೀಕ್ಷೆ) ಇಟ್ಟಿದ್ದೇನೆ, ಖಾಲಿ ಸ್ಟ್ರಿಂಗ್‌ಗೂ ಸೇರಿ. ಸಿಂಬಾಲಿಕ್ ಲಿಂಕ್ (ಬೇರೆ ಜಾಗಕ್ಕೆ ಕೈತೋರಿಸುವ ಫೈಲ್) ಇದ್ದಲ್ಲಿ ಮಾತ್ರ ಇದನ್ನು ನಂಬಬೇಡಿ. ಲಿಂಕ್ ದಾಟಿದ ಮೇಲಿನ ಎರಡು ಚುಕ್ಕಿ ಬೇರೆಲ್ಲಿಗೋ ಹೋಗುತ್ತದೆ.