ಸಾಗುವಾನಿ ತೋಟ: ಸುಣ್ಣ ಹಚ್ಚುವುದು ಉಳಿಸುವ ಮರಕ್ಕೆ
ಕಾರ್ಕಳ, ಹೆಬ್ರಿ ಕಡೆ ಸಾಗುವಾನಿ ನೆಟ್ಟವರಿಗೆ: ತೋಟ ತೆಳು ಮಾಡುವಾಗ, ಅಂದರೆ ಒತ್ತಾಗಿ ಬೆಳೆದದ್ದರಲ್ಲಿ ಕೆಲವು ಮರ ತೆಗೆಯುವಾಗ, ಕಡಿಯುವ ಮರಕ್ಕಲ್ಲ, ಉಳಿಸುವ ಮರಕ್ಕೆ ಸುಣ್ಣದ ಪಟ್ಟಿ ಬಳಿಯಿರಿ. ಮಳೆ ನಿಂತ ಮೇಲೆ, ಎಲೆ ಉದುರುವ ಮೊದಲು. ನೆಟ್ಟಗಿನ, ಕವಲಿಲ್ಲದ ಮರ ಆರಿಸಿ, ಬುಡದಲ್ಲಿ ನಿಂತು ತಲೆ ಎತ್ತಿ ನೋಡಿ. ಅದರ ನೆತ್ತಿಗೆ ಒತ್ತುತ್ತಿರುವ ಮರ ಮಾತ್ರ ಹೋಗಲಿ. ಕಡಿಯುವುದನ್ನೇ ಗುರುತು ಮಾಡಲು ಹೊರಟರೆ ಕಣ್ಣು ದಪ್ಪ ಮರದ ಮೇಲೆಯೇ ಹೋಗುತ್ತದೆ, ದುಡ್ಡು ಬರುವುದು ಅದಕ್ಕೇ ಅಲ್ವಾ? ಕೊನೆಗೆ ಉಳಿಯುವುದು ಸೊಟ್ಟ, ಸಣಕಲು. ವರ್ಷಗಟ್ಟಲೆ ಕೈ ಹಾಕದೆ ಕಡ್ಡಿಯಂತೆ ಉದ್ದ ಬೆಳೆದ ತೋಟದಲ್ಲಿ ಮಾತ್ರ ಒಂದೇ ಸಲ ಹೀಗೆ ಮಾಡಬೇಡಿ. ಜೂನ್ ಗಾಳಿಗೆ ಉಳಿದವೂ ಮಲಗುತ್ತವೆ. ಎರಡು ಮೂರು ವರ್ಷದಲ್ಲಿ ಸ್ವಲ್ಪ ಸ್ವಲ್ಪ ತೆಗೆಯಿರಿ. ಮತ್ತೆ, ಸ್ವಂತ ಜಾಗದ್ದಾದರೂ ಸಾಗುವಾನಿ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.