ಚಕ್ಕುಲಿ ಒರಳಲ್ಲಿ ಹುಟ್ಟಿದ ಜ್ವಾಲಾಮುಖಿಗಳು

ಮಣ್ಣಿನ ಗುಡ್ಡೆ, ಒಳಗೊಂದು ಬಾಟಲಿ, ಸೋಡಾಪುಡಿ, ವಿನೆಗರ್, ಚಿಟಿಕೆ ಕುಂಕುಮ. ವಿಜ್ಞಾನದ ಮೇಷ್ಟ್ರುಗಳೆಲ್ಲ ಇದನ್ನು ಒಮ್ಮೆಯಾದರೂ ಮಾಡಿದ್ದೇವೆ. ನಾನು ಹತ್ತು ಹನ್ನೊಂದು ವರ್ಷ ಮಾಡಿದೆ. ನೊರೆ ಉಕ್ಕುತ್ತದೆ, ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ, ಮುಗೀತು. ಒಂದು ಸಲ ಎಂಟನೇ ಕ್ಲಾಸಿನ ಹುಡುಗಿ ಕೇಳಿದಳು: "ಸರ್, ಗುಡ್ಡ ಮೊದಲೇ ಇತ್ತಲ್ಲ? ನೀವು ನೊರೆ ಬರಿಸಿದ್ರಿ ಅಷ್ಟೆ. ಗುಡ್ಡ ಆಗಿದ್ದು ಹೇಗೆ?" ಬಾಯಲ್ಲಿ ಹೇಳಬಹುದಿತ್ತು. ತೋರಿಸೋಕೆ ಏನೂ ಇರಲಿಲ್ಲ.

ಉಪಾಯ ಸಿಕ್ಕಿದ್ದು ತೀರ್ಥಹಳ್ಳಿ ಕಡೆಯ ಒಂದು ಆಲೆಮನೆಯಲ್ಲಿ. ಹದ ನೋಡಲು ತೆಗೆದ ಬೆಲ್ಲ ಎಳೆಯಾಗಿದ್ದಾಗ ಅಡಿಕೆ ಹಾಳೆ ತುಂಬಾ ಹರಡಿಕೊಂಡಿತು. ಸ್ವಲ್ಪ ಹೊತ್ತು ಬಿಟ್ಟು ತೆಗೆದದ್ದು ಬಿದ್ದಲ್ಲೇ ಗುಪ್ಪೆಯಾಗಿ ಕೂತಿತು. ಮ್ಯಾಗ್ಮಾ ಅಂದರೆ ಶಿಲಾಪಾಕ ಅಂತ ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೋ, ಅದು ಪಾಕವೇ ಅನ್ನೋದು ತಲೆಗೆ ಹೋದದ್ದು ಅವತ್ತು.

ಮೊದಲ ವರ್ಷ ದುಡ್ಡು ಹಾಳು. ಪಾಕವನ್ನು ಕೆಳಗಿಂದ ಮೇಲೆ ತಳ್ಳಬೇಕಲ್ಲ, ಅದಕ್ಕೆ ಶಿವಮೊಗ್ಗದಿಂದ ಒಂದು ಸಣ್ಣ ಪಂಪು ತಂದೆ. ಸಾವಿರದ ಎಂಟುನೂರೋ ಏನೋ ಆಯಿತು. ಬಿಸಿ ಬೆಲ್ಲ ಹೊಕ್ಕ ಹತ್ತು ನಿಮಿಷಕ್ಕೆ ಒಳಗೇ ಕಟ್ಟಿಕೊಂಡಿತು. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ, ತಗೊಳ್ಳೋದೂ ಇಲ್ಲ ಬಿಡಿ. ಆಮೇಲೆ ಜೋನಿ ಬೆಲ್ಲ ಹಿಡಿದೆ. ಚೆನ್ನಾಗಿ ಹರಿಯಿತು, ಆದರೆ ಗಟ್ಟಿಯಾಗಲೇ ಇಲ್ಲ. ಬೆಳಿಗ್ಗೆ ನೋಡಿದರೆ ಲ್ಯಾಬ್ ತುಂಬಾ ಇರುವೆ. ಜೊತೆಗಿದ್ದ ಮೇಷ್ಟ್ರು, "ಇರುವೆಗೆ ಊಟ ಹಾಕೋದಾದ್ರೆ ಇಷ್ಟು ಕಷ್ಟ ಯಾಕೆ ಮಾರಾಯ್ರೆ" ಅಂದರು.

ಕೊನೆಗೆ ಕೆಲಸಕ್ಕೆ ಬಂದದ್ದು ಮನೆಯ ಹಿತ್ತಾಳೆ ಚಕ್ಕುಲಿ ಒರಳು. ತಿರುಪಿನದು. ಒಂದೇ ತೂತಿನ ಬಿಲ್ಲೆ ಹಾಕಿ, ಒರಳನ್ನು ತಲೆಕೆಳಗು ಮಾಡಿ, ಹಳೇ ಸ್ಟೂಲಿನ ಹಲಗೆಗೆ ರಂಧ್ರ ಕೊರೆದು ಕೆಳಗಿಂದ ಕೂರಿಸಿದೆ. ಮೇಲೆ ದೊಡ್ಡ ಹಾಳೆತಟ್ಟೆ. ಹಿಡಿ ತಿರುಗಿಸಿದರೆ ಪಾಕ ಮೇಲೇಳುತ್ತದೆ. ಹಾಕುವ ಮೊದಲು ಒರಳನ್ನು ಕುದಿನೀರಲ್ಲಿ ಅದ್ದಿಡಿ. ನಾನು ಅದ್ದದೆ ಒಂದು ಸಲ ಪಾಕ ಒಳಗೇ ಕಲ್ಲಾಯಿತು. ಹಬ್ಬಕ್ಕೆ ನಾಲ್ಕು ದಿನ ಇತ್ತು. ಮನೆಯಲ್ಲಿ ಏನು ಮಾತು ಬಂತು ಅಂತ ಬರೆಯುವುದಿಲ್ಲ.

ಉಂಡೆಪಾಕಕ್ಕಿಂತ ಒಂದು ಹದ ಮುಂದೆ ಹೋದ ಪಾಕ ಹರಿಯುವುದೇ ಇಲ್ಲ. ಬಾಯಿಯ ಮೇಲೇ ಬೋಳುತಲೆಯ ಹಾಗೆ ಉಬ್ಬುತ್ತದೆ, ಮೇಲ್ಮೈ ಬಿರಿಯುತ್ತದೆ, ಬಿರುಕಲ್ಲಿ ಒಳಗಿನ ಹೊಸ ಪಾಕ ಹೊಳೆಯುತ್ತದೆ. ಇದು ಲಾವಾ ಗುಮ್ಮಟ. ಅಮೆರಿಕದ ಸೇಂಟ್ ಹೆಲೆನ್ಸ್ 1980ರ ಮೇ 18ರಂದು ಸಿಡಿದ ಮೇಲೆ ಅದರ ಬಾಯೊಳಗೆ ಬೆಳೆದದ್ದು ಇಂಥದ್ದೇ. ನಿಜವಾದ ಶಿಲಾಪಾಕಕ್ಕೆ ಅಂಟು ಬರುವುದು ಮುಖ್ಯವಾಗಿ ಸಿಲಿಕಾದಿಂದ, ಅಂದರೆ ಮರಳಲ್ಲಿರುವ ವಸ್ತುವಿನಿಂದ. ಲಾವಾ ಆರಿ ಆಗುವ ಕಲ್ಲುಗಳ ಪೈಕಿ ಬಸಾಲ್ಟಿನಲ್ಲಿ ಅದು ಸುಮಾರು 50%, ಆಂಡಿಸೈಟಿನಲ್ಲಿ 60%ರ ಆಸುಪಾಸು, ರಯೋಲೈಟಿನಲ್ಲಿ 70% ದಾಟುತ್ತದೆ. ನನ್ನ ಒಲೆಯ ಮೇಲೆ ಇವು ಒಂದೆಳೆ, ಉಂಡೆ, ಗಟ್ಟಿ.

ಒಂದೆಳೆ ಪಾಕಕ್ಕೆ ಒರಳು ಆಗುವುದಿಲ್ಲ, ಸಂದಿಯಿಂದ ಸೋರುತ್ತದೆ. ತೋಟದ ಡ್ರಿಪ್ ಪೈಪಿನ ತುಂಡು, ಎತ್ತರದಲ್ಲಿ ಒಂದು ಆಲಿಕೆ, ಅಷ್ಟು ಸಾಕು. ಪಾಕ ತಾನಾಗಿ ಉಕ್ಕಿ ಸುತ್ತ ಹರಡುತ್ತದೆ. ಆರುವ ತನಕ ಕಾಯಬೇಕು, ಮತ್ತೆ ಬಿಡಬೇಕು. ಹತ್ತು ಪದರಕ್ಕೆ ನನಗೆ ಎರಡು ದಿನ ಹಿಡಿಯಿತು. ಅಡ್ಡಗಲ 40 ಸೆಂಟಿಮೀಟರ್, ಎತ್ತರ ಎರಡೇ. ಇಡ್ಲಿ ತಟ್ಟೆ ಬೋರಲು ಹಾಕಿದ ಹಾಗೆ. ಹವಾಯಿಯ ಮೌನಾ ಲೋವಾ ಸಮುದ್ರದ ಮೇಲೆ 4,169 ಮೀಟರ್ ಇದೆ, ಆದರೂ ದೂರದಿಂದ ಹೀಗೇ ಚಪ್ಪಟೆ. ಅದಕ್ಕೇ ಇಂಥದಕ್ಕೆ ಗುರಾಣಿ ಜ್ವಾಲಾಮುಖಿ ಅನ್ನುವ ಹೆಸರು. ಒಂದೆಳೆ ಪಾಕ ಪದರವಾಗಿ ನಿಲ್ಲಲು ಅದಕ್ಕೊಂದು ಪುಡಿ ಸೇರಿಸುತ್ತೇನೆ. ಯಾವುದು ಅಂತ ಹೇಳಲ್ಲ, ಎರಡು ವರ್ಷ ಅದಕ್ಕೇ ಹೋಗಿದೆ. ಅಡುಗೆಮನೆಯಲ್ಲೇ ಇದೆ, ಹುಡುಕಿಕೊಳ್ಳಿ.

ಹರಿಯುವ ಪಾಕವನ್ನು ಹತ್ತಿರದಿಂದ ನೋಡಿ. ಮೇಲೆ ತೆಳು ಪೊರೆ ಕಟ್ಟುತ್ತದೆ, ಒಳಗಿನದು ಮುಂದೆ ಓಡುವಾಗ ಪೊರೆ ಹಾಲಿನ ಕೆನೆಯ ಹಾಗೆ ಸುಕ್ಕಾಗಿ ಹಗ್ಗದ ಸುರುಳಿಯಂತೆ ಮಡಿಸಿಕೊಳ್ಳುತ್ತದೆ. ಹವಾಯಿಯ ಲಾವಾದ ಫೋಟೋ ಪಕ್ಕದಲ್ಲಿಟ್ಟೆ. ಮಕ್ಕಳು ಯಾವುದು ಬೆಲ್ಲ ಅಂತ ಕೇಳಿದರು!

ಬೂದಿ, ಕಿಟ್ಟದ ಗುಡ್ಡಕ್ಕೆ ಪಾಕವೇ ಬೇಡ, ಸೈಕಲ್ ಪಂಪು ಸಾಕು. ತೂತಿನ ಮೇಲೆ ಕಾಳು ಸುರಿಯುತ್ತಾ ಕೆಳಗಿಂದ ಗಾಳಿ ಊದಬೇಕು. ಭತ್ತದ ಹೊಟ್ಟು ಹಾಕಿದೆ, ಹೆಡ್ ಮೇಷ್ಟ್ರ ಟೇಬಲ್ಲಿಗೆ ಹೋಯಿತು. ರಾಗಿ ದುಂಡಗಿದೆ, ಉರುಳಿ ಚಪ್ಪಟೆಯಾಯಿತು. ಅಕ್ಕಿ ನುಚ್ಚು ಸರಿ ಬಂತು. ಹಾರಿದ ನುಚ್ಚು ಸುತ್ತ ಬಿದ್ದು, ನಡುವೆ ಬಾಯಿ ಉಳಿದು, ಇಳಿಜಾರು 30–35 ಡಿಗ್ರಿಗೆ ಬಂದು ನಿಂತಿತು. ಎಷ್ಟೇ ಊದಿದರೂ ಅದಕ್ಕಿಂತ ಕಡಿದಾಗಲ್ಲ, ಜಾರುತ್ತದೆ. ಮೆಕ್ಸಿಕೋದ ಪರಿಕುಟಿನ್ 1943ರ ಫೆಬ್ರವರಿ 20ರಂದು ಜೋಳದ ಹೊಲದಲ್ಲಿ ಹುಟ್ಟಿದ್ದು ಇದೇ ಜಾತಿ. ಒಂದೇ ವರ್ಷಕ್ಕೆ 300 ಮೀಟರ್ ದಾಟಿತು. ನಮ್ಮದು ಒಂದು ಪೀರಿಯಡ್ಡಿಗೆ ಒಂದು ಗೇಣು.

ಒಂದು ಸುತ್ತು ನುಚ್ಚು, ಮೇಲೆ ಉಂಡೆಪಾಕ, ಮತ್ತೆ ನುಚ್ಚು, ಮತ್ತೆ ಪಾಕ ಅಂತ ಮಾಡಿದರೆ ಜಪಾನಿನ ಫ್ಯೂಜಿ ತರಹದ್ದು ಬರುತ್ತದೆ. ಪಾಕ ನುಚ್ಚನ್ನು ಹಿಡಿದಿಡುತ್ತದೆ, ಅದಕ್ಕೇ ಗುಡ್ಡ ಎತ್ತರಕ್ಕೂ ಏಳುತ್ತದೆ, ಕಡಿದಾಗಿಯೂ ನಿಲ್ಲುತ್ತದೆ. ಆರಿದ ಮೇಲೆ ಗರಗಸದಿಂದ ಸೀಳಿದೆ. ಒಳಗೆ ಪದರ ಪದರ. ಮಾಡಿದ್ದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ. ಇದನ್ನೇ ಜುಲೈನಲ್ಲಿ ಒಂದು ಪ್ರದರ್ಶನಕ್ಕೆ ಹಿಂದಿನ ರಾತ್ರಿ ಮಾಡಿಟ್ಟೆ. ಮಲೆನಾಡಿನ ಮಳೆಗಾಲ, ಬೆಲ್ಲ ಗಾಳಿಯ ನೀರನ್ನೆಲ್ಲ ಕುಡಿದು ಬೆಳಗಾಗುವಷ್ಟರಲ್ಲಿ ಫ್ಯೂಜಿ ಕೂತುಬಿಟ್ಟಿತ್ತು. ತೀರ್ಪುಗಾರರು ನೋಡಿ "ಬೆಂಕಿ ಎಲ್ಲಿ?" ಅಂದರು. ಆ ವರ್ಷದ ಬಹುಮಾನ ವಿನೆಗರಿಗೆ ಹೋಯಿತು. ಈಗ ಜನವರಿ, ಫೆಬ್ರವರಿ ಬಿಟ್ಟು ಮಾಡುವುದೇ ಇಲ್ಲ.

ಗ್ಯಾಸಿನ ವಿಷಯ ತೋರಿಸಬೇಕು ಅಂದರೆ ಬಿಸಿ ಪಾಕಕ್ಕೆ ಚಿಟಿಕೆ ಸೋಡಾ. ಒಂದೆಳೆಯಲ್ಲಿ ಗುಳ್ಳೆ ಎದ್ದು ಒಡೆದು ಹೋಗುತ್ತದೆ. ಗಟ್ಟಿ ಪಾಕದಲ್ಲಿ ಗುಳ್ಳೆಗೆ ದಾರಿಯಿಲ್ಲ, ಇಡೀ ಪಾಕ ಉಬ್ಬುತ್ತದೆ, ಆರಿದರೆ ಜೇನುಗೂಡಿನ ಹಾಗೆ. ನೀರಲ್ಲಿ ತೇಲುವ ಪ್ಯೂಮಿಸ್ ಕಲ್ಲು ಆಗುವುದೂ ಹೀಗೇ. ಗಟ್ಟಿ ಪಾಕದ ಜ್ವಾಲಾಮುಖಿಗಳು ಯಾಕೆ ಸಿಡಿಯುತ್ತವೆ ಅಂತ ಬೇರೆ ಹೇಳಬೇಕಾಗಲಿಲ್ಲ. ಅಂದ ಹಾಗೆ, ನಮ್ಮ ಜಂಬಿಟ್ಟಿಗೆ ಕಲ್ಲಿನಲ್ಲೂ ತೂತು ಇದೆಯಲ್ಲ ಅಂತ ಪ್ರತಿ ವರ್ಷ ಯಾರಾದರೂ ತಂದು ಕೊಡುತ್ತಾರೆ. ಅದು ಲಾವಾ ಅಲ್ಲ, ಮಳೆ ಬಿಸಿಲಿಗೆ ಕಲ್ಲು ಕೊಳೆತು ಆದದ್ದು.

ಯೋಚಿಸದೇ ಸಿಕ್ಕಿದ್ದು ಇನ್ನೊಂದು. ಉಂಡೆಪಾಕ ಬಂತಾ ಅಂತ ಅಮ್ಮ ತಣ್ಣೀರಿಗೆ ಒಂದು ಹನಿ ಬಿಡುತ್ತಿದ್ದರಲ್ಲ, ನಾನು ಒರಳನ್ನೇ ನೀರಿನ ಟಬ್ಬಿನಲ್ಲಿ ಮುಳುಗಿಸಿ ತಿರುಗಿಸಿದೆ. ಪಾಕ ಹೊರಗೆ ಬಂದ ಕೂಡಲೇ ಚರ್ಮ ಕಟ್ಟಿ ದುಂಡಗಾಯಿತು. ಆ ಚರ್ಮ ಒಡೆದು ಪಕ್ಕಕ್ಕೆ ಇನ್ನೊಂದು ಉಂಡೆ, ಅದರ ಮೇಲೆ ಮತ್ತೊಂದು. ನೀರಿನಡಿ ಉಕ್ಕಿದ ಲಾವಾ ದಿಂಬು ಪೇರಿಸಿದಂತೆ ಆಗುವುದು ಹೀಗೆ. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ಸುಮಾರು 250 ಕೋಟಿ ವರ್ಷದ ಹಳೆಯ ದಿಂಬುಗಳು ಕಲ್ಲಾಗಿ ಬಿದ್ದಿವೆ. ಮಕ್ಕಳನ್ನು ಕರೆದುಕೊಂಡು ಹೋದೆ. ಬಂಡೆ ನೋಡಿದ ಕೂಡಲೇ ಒಬ್ಬ "ಸರ್, ಟಬ್ಬು!" ಅಂತ ಕೂಗಿದ.

ಹವಾಯಿ ದ್ವೀಪಗಳು ಸಾಲಾಗಿ ಯಾಕಿವೆ ಅನ್ನುವುದಕ್ಕೆ ಬೆಲ್ಲ ಬೇಡ. ಬಸ್ಸಿನ ಮಷೀನ್ ಟಿಕೆಟ್ ಬಿಸಿಗೆ ಕಪ್ಪಾಗುವ ಕಾಗದ. ಉರಿಯುವ ಊದುಬತ್ತಿಯ ಮೇಲೆ ತಾಗಿಸದೆ ನಿಲ್ಲಿಸಿ ನಿಲ್ಲಿಸಿ ಎಳೆಯಿರಿ. ಬತ್ತಿ ಅಂದರೆ ಭೂಮಿಯೊಳಗಿನ ಬಿಸಿ ಜಾಗ, ಟಿಕೆಟ್ ಅಂದರೆ ಅದರ ಮೇಲೆ ಸರಿಯುವ ಸಮುದ್ರದ ತಳ. ಬತ್ತಿ ಇದ್ದಲ್ಲೇ ಇರುತ್ತದೆ, ಟಿಕೆಟ್ ಮೇಲೆ ಚುಕ್ಕೆಗಳ ಸಾಲು. ಕವಾಯಿ ದ್ವೀಪ ಸುಮಾರು 50 ಲಕ್ಷ ವರ್ಷ ಹಳೆಯ ಚುಕ್ಕೆ, ದೊಡ್ಡ ದ್ವೀಪ ಈಗ ಬೀಳುತ್ತಿರುವುದು.

ಒಟ್ಟು ಖರ್ಚು, ಆ ಪಂಪು ಬಿಟ್ಟರೆ, ಆರುನೂರು ಏಳುನೂರು ಇರಬಹುದು. ಅರ್ಧ ಬೆಲ್ಲಕ್ಕೇ ಹೋಯಿತು. ಪಾಕ ಕುದಿನೀರಿಗಿಂತ ಬಿಸಿ, ಅಂಟಿದರೆ ಬಿಡಲ್ಲ, ತಿರುಗಿಸುವ ಕೆಲಸ ಮಕ್ಕಳಿಗೆ ಕೊಡಬೇಡಿ. ಮೈದಾ ಅಡಿಯಲ್ಲಿ ಬಲೂನು ಹೂತು ಗಾಳಿ ಬಿಟ್ಟು, ನೆಲ ಕುಸಿದು ಆಗುವ ಕ್ಯಾಲ್ಡೆರಾ ಮಾಡುತ್ತಿದ್ದೇನೆ. ಉಂಗುರದ ಬಿರುಕು ಬರುತ್ತಿದೆ, ಆದರೆ ಒಂದೇ ಪಕ್ಕ ಕುಸಿಯುತ್ತಿದೆ. ಒರಳು ಇನ್ನೂ ಶಾಲೆಯಲ್ಲೇ ಇದೆ. ಮನೆಗೆ ಹೊಸದು ತಂದುಕೊಟ್ಟೆ, ಅದರ ದುಡ್ಡು ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ.